ಕಲ್ಲಿಗೆ ಹತ್ತಿದ ಕುಂಕುಮ

ಆ ವರ್ಷ ಆಯುಧಪೂಜೆಯ ಹೊತ್ತಿಗೆ ಜಪಾನಿನ ಇಶಿಮೋರಿ ಗುಡ್ಡದ್ದು ಅಂತ ಹೇಳಿಕೊಳ್ಳುವಂಥ ಒಳ್ಳೆಯ ಕಲ್ಲು ಉಳಿದಿದ್ದು ಒಂದೇ. ಅದು ಫುಮಿಯ ಸಮಾಧಿಯ ಕಲ್ಲು. ಅದರ ಮೇಲೆ ಅವಳ ಗಂಡ ಮಾಕಿನೊ, ಉಸಿರು ಕಟ್ಟುತ್ತಿದ್ದರೂ ಬಿಡದೆ, ಅವಳ ಹೆಸರನ್ನು ತನ್ನ ಕೈಯಾರೆ ಕೆತ್ತಿದ್ದ. ಅವಳು ಹೋಗಿ ವರ್ಷ ತುಂಬುವ ಪೂಜೆಯ ದಿನ ಆ ಕಲ್ಲನ್ನು ಒಂದು ಗೀರೂ ಬೀಳದಂತೆ ಸ್ಮಶಾನದಲ್ಲಿ ನಿಲ್ಲಿಸುವುದು ಚಂದ್ರಮೋಹನನ ಹೊಣೆ. ಅದನ್ನು ಕೆಡಿಸಿದವನೂ ಅವನೇ. ಬೇರೆ ಯಾರಾದರೂ ಕೆಡಿಸಿದ್ದರೆ ಕೆನ್ನೆಗೆ ಬಾರಿಸಿ ಸಮಾಧಾನ ಮಾಡಿಕೊಳ್ಳುತ್ತಿದ್ದ. ತನ್ನ ಕೆನ್ನೆಗೆ ತಾನೇ ಎಷ್ಟು ಬಾರಿಸಿಕೊಂಡಾನು?

ಚಂದ್ರಮೋಹನ್ ಚಾಮರಾಜನಗರದ ಕಡೆಯವನು. ಅಜ್ಜ, ಅಪ್ಪ ಇಬ್ಬರೂ ಬಂಡೆ ಒಡೆದು ಬದುಕಿದವರು. ಅಪ್ಪ ಆ ದೂಳು ಕುಡಿದೇ ಕೆಮ್ಮಿ ಕೆಮ್ಮಿ ಸತ್ತ. ಇವನು ಐದನೇ ಕ್ಲಾಸು ಮುಗಿಯುವ ಮೊದಲೇ ಸ್ಲೇಟು ಬಿಸಾಕಿ ಸುತ್ತಿಗೆ ಹಿಡಿದ. ಕಲ್ಲನ್ನು ಮೆಲ್ಲಗೆ ಕುಟ್ಟಿ, ಸದ್ದು ಕೇಳಿಯೇ ಒಳಗೆ ಬಿರುಕಿದೆಯೋ ಇಲ್ಲವೋ ಹೇಳುತ್ತಿದ್ದ. ಜಪಾನಿನವರಿಗೆ ನಮ್ಮ ಕಡೆಯ ಕರಿಕಲ್ಲಿನ ಹುಚ್ಚು ಹಿಡಿದಿದ್ದ ಕಾಲ ಅದು. ಹಡಗುಗಟ್ಟಲೆ ಕಲ್ಲು ಕೋಬೆ ಬಂದರಿಗೆ ಹೋಗುತ್ತಿತ್ತು. ಕೂದಲೆಳೆಯಷ್ಟು ಬಿರುಕು ಕಂಡರೂ ವಾಪಸ್ಸು ಬರುತ್ತಿತ್ತು. ಹಾಗಾಗಿ ಕಲ್ಲಿನ ಕಂಪನಿಯವರು ಇವನನ್ನೇ ಕೋಬೆಗೆ ಕಳಿಸಿ ಬಂದರಿನ ಗೋದಾಮಿನಲ್ಲಿ ಕೂರಿಸಿದರು. ಎರಡು ವರ್ಷಕ್ಕೆ ಅಂತ ಹೋದವನು ಅಲ್ಲೇ ಉಳಿದ. ಕಂಪನಿ ಬಾಗಿಲು ಹಾಕಿತು, ಇವನು ಒಬ್ಬ ಜಪಾನಿ ಕಲ್ಲುವ್ಯಾಪಾರಿಯ ಕೈಕೆಳಗೆ ಸೇರಿಕೊಂಡ. ಮದುವೆಯ ವಯಸ್ಸು ಎರಡು ದೇಶಗಳ ನಡುವೆ ಎಲ್ಲೋ ಸೋರಿಹೋಯಿತು.

ಒಂದು ದಿನ ಲಾರಿಯಲ್ಲಿ ಕರಿಕಲ್ಲು ಹೇರಿಕೊಂಡು, ನಗೋಯಾ ದಾಟಿ, ಗುಡ್ಡಗಳ ನಡುವಿನ ಇಶಿಮೋರಿ ಎಂಬ ಹಳ್ಳಿಗೆ ಬಂದ. ಯಾರದೋ ಸಮಾಧಿಗೆ ಬೇಕಾದ ಕಲ್ಲು. ಇಳಿಸುತ್ತಿದ್ದಾಗ, ತಲೆಗೆ ಟವೆಲ್ ಸುತ್ತಿಕೊಂಡ ಅರವತ್ತರ ಆಸುಪಾಸಿನ ಕುಳ್ಳ ಮನುಷ್ಯನೊಬ್ಬ ರಸ್ತೆ ದಾಟಿ ಬಂದ. ಕಲ್ಲಿನ ಮೇಲೆ ಕೈಯಾಡಿಸಿ ಪಕ್ಕಕ್ಕೆ ಉಗಿದ.

“ಎಲ್ಲಿಂದು ಈ ಕಲ್ಲು?”

“ನಮ್ಮೂರಿಂದು.”

“ನಿಮ್ಮೂರ ಗುಡ್ಡ ಕರಗಿಸಿ ನಮ್ಮೂರ ಗುಡ್ಡಕ್ಕೆ ಬೀಗ ಹಾಕಿಸ್ತಾ ಇದೀಯಲ್ಲೋ. ನಾಚಿಕೆ ಆಗಲ್ವಾ?”

ಚಂದ್ರಮೋಹನನಿಗೆ ಸಿಟ್ಟು ಮೂಗಿನ ತುದಿಯಲ್ಲೇ. ಬಂದಷ್ಟು ಜಪಾನಿಯಲ್ಲೇ ತಿರುಗಿಸಿ ಕೊಟ್ಟ. “ನಾವೇನು ಕದ್ದು ತಂದು ಸುರಿದ್ವಾ? ಬೇಕು ಬೇಕು ಅಂತ ಬಾಯಿ ಬಿಟ್ಟೋರು ನಿಮ್ಮೋರೇ. ಹೋಗಿ ಅವರನ್ನ ಕೇಳು!”

ಆ ಮನುಷ್ಯ ಇವನ ಮುಖವನ್ನೇ ನೋಡಿದ. ಆಮೇಲೆ ನಕ್ಕ. “ಊಟ ಆಯ್ತಾ?” ಅಂದ.

ಅವನೇ ಮಾಕಿನೊ, ಆ ಊರಿನ ಕೊನೆಯ ಗಣಿಯ ಯಜಮಾನ. ಆ ಊಟಕ್ಕೆ ಕೂತ ಚಂದ್ರಮೋಹನ್ ಇಪ್ಪತ್ತು ವರ್ಷ ಏಳಲಿಲ್ಲ.

ಇಶಿಮೋರಿಯ ಬಸ್‌ಸ್ಟಾಪಿನ ಹೆಸರು ಇವತ್ತಿಗೂ ‘ಇಶಿಕಿರಿಬಾ’, ಅಂದರೆ ಕಲ್ಲು ಕಡಿಯುವ ಜಾಗ. ಈಗ ಅಲ್ಲಿ ಇಳಿದವರಿಗೆ ಕಾಣುವುದು ಬೀಗ ಜಡಿದ ಕಬ್ಬಿಣದ ಗೇಟು, ಅದರಾಚೆ ಹಸಿರು ನೀರು ನಿಂತ ದೊಡ್ಡ ಗುಂಡಿ. ಆದರೆ ಮಾಕಿನೊನ ಜೊತೆ ಗುಡ್ಡ ಹತ್ತಿದರೆ ಆ ಗುಂಡಿಯೊಳಗಿನಿಂದ ಊರೇ ಎದ್ದು ಬರುತ್ತಿತ್ತು. ದೇವದಾರು ಮರಗಳ ಬುಡದಲ್ಲಿ ಪಾಚಿ ಹಿಡಿದ ದೊಡ್ಡ ದೊಡ್ಡ ಕಲ್ಲುಗಳಿವೆ; ಒಂದೊಂದರ ಅಂಚಿಗೂ ಬೆಣೆ ಹೊಡೆಯಲು ತೋಡಿದ ಗುಂಡಿಗಳ ಸಾಲು, ಹಲ್ಲಿನ ಹಾಗೆ. ನಾಲ್ಕು ನೂರು ವರ್ಷದ ಕೆಳಗೆ ಯಾವನೋ ದೊರೆಗೆ ಕೋಟೆ ಕಟ್ಟಲು ಅಂತ ಕಡಿದವು. ಅಷ್ಟರಲ್ಲಿ ಕೋಟೆ ಮುಗಿದುಹೋಯಿತು, ಇನ್ನು ಸಾಕು ಅಂತ ಅಪ್ಪಣೆ ಬಂತು, ಕಡಿದವರು ಕಡಿದಲ್ಲೇ ಬಿಟ್ಟು ಮನೆಗೆ ಹೋದರು. ಅವಕ್ಕೆ ‘ಜನ್ನೆನ್ ಇಶಿ’ ಅನ್ನುತ್ತಾರೆ, ಆಸೆ ಕೈಗೂಡದೆ ಉಳಿದ ಕಲ್ಲು. ಹೊರಟು ನಿಂತೂ ಹೋಗಲಾಗದೆ ಉಳಿದ ಕಲ್ಲಿನ ಮೇಲೆ ಕನಿಕರ ಬಂದು ಊರಿನ ಹೆಂಗಸರು ಹೂವಿಡುತ್ತಿದ್ದರು.

ಕೋಟೆಯ ಕಾಲ ಹೋಗಿ ದೀಪಸ್ತಂಭಗಳ ಕಾಲ ಬಂತು. ಸೇತುವೆ, ದೇವಸ್ಥಾನದ ಮೆಟ್ಟಿಲು, ನಗೋಯಾದ ಟ್ರಾಮ್ ಹಳಿಗಳ ನಡುವಿನ ಹಾಸು, ಎಲ್ಲ ಈ ಗುಡ್ಡದ್ದೇ. ಮಾಕಿನೊನ ಅಪ್ಪನ ಕಾಲಕ್ಕೆ ಮಧ್ಯಾಹ್ನ ಸೈರನ್ ಕೂಗಿತು ಅಂದರೆ ಮಕ್ಕಳು ಮರಿ ಎಲ್ಲ ಮನೆ ಸೇರಬೇಕು. ಗುಡ್ಡದಲ್ಲಿ ಸಿಡಿಮದ್ದು ಹಾರುತ್ತಿತ್ತು. ಯುದ್ಧ ಮುಗಿದ ಮೇಲಂತೂ ಊರೂರಿನಲ್ಲೂ ಸತ್ತವರಿಗೆ ಕಲ್ಲು ಬೇಕಾಯಿತು. ಲೋಕ ಅಳುತ್ತಿತ್ತು, ಇಶಿಮೋರಿ ಹೊಟ್ಟೆ ತುಂಬ ಉಂಡಿತು. ಇದನ್ನು ಹೇಳುವಾಗ ಮಾಕಿನೊ ತಲೆ ತಗ್ಗಿಸುತ್ತಿದ್ದ. ಆಮೇಲೆ ಕೊರಿಯಾದ ಕಲ್ಲು ಬಂತು, ಚೀನಾದ ಕಲ್ಲು ಬಂತು, ಚಾಮರಾಜನಗರದ ಕಲ್ಲೂ ಬಂತು. ಒಂದೊಂದೇ ಗಣಿ ಮುಚ್ಚಿತು. ಚಂದ್ರಮೋಹನ್ ಬಂದು ಕೆಲವು ವರ್ಷಕ್ಕೆ ಮಾಕಿನೊನದೂ ಮುಚ್ಚಿತು. ಗುಡ್ಡ ಕುಸಿಯುವ ಅಪಾಯವಿದೆ ಅಂತ ಅಧಿಕಾರಿಗಳು ಬಂದು, ‘ಸುಮಿಮಾಸೆನ್, ಸುಮಿಮಾಸೆನ್’ ಅಂತ ಸೊಂಟದವರೆಗೆ ಬಗ್ಗಿ ಬಗ್ಗಿ ಕ್ಷಮೆ ಕೇಳುತ್ತಲೇ ಬೀಗ ಜಡಿದು ಹೋದರು. ಬಗ್ಗಿದ ಬೆನ್ನಿಗೆ ಒದೆಯುವುದಾದರೂ ಹೇಗೆ? ಆ ದೇಶದಲ್ಲಿ ಸಿಟ್ಟು ಮಾಡಿಕೊಳ್ಳಲೂ ಜಾಗ ಕೊಡುವುದಿಲ್ಲ.

ಅಲ್ಲಿಂದ ಮುಂದೆ ಗುರುವಿಗೂ ಶಿಷ್ಯನಿಗೂ ಎಲ್ಲಿಂದಲೋ ಬಂದ ಕಲ್ಲು ನಿಲ್ಲಿಸುವ ಕೆಲಸ. ಆಮೇಲಾಮೇಲೆ, ನೋಡಿಕೊಳ್ಳುವವರಿಲ್ಲದ ಸಮಾಧಿಗಳನ್ನು ಕಿತ್ತು ಒಡೆಯುವ ಕೆಲಸ. ಮಾಕಿನೊ ತಾನು ಹರೆಯದಲ್ಲಿ ಕೆತ್ತಿದ ಕಲ್ಲನ್ನೇ ಮುಪ್ಪಿನಲ್ಲಿ ಒಡೆದು ಜಲ್ಲಿ ಮಾಡಿದ್ದುಂಟು.

ಮಕ್ಕಳಿಲ್ಲದ ಆ ಮನೆಯಲ್ಲಿ ಚಂದ್ರಮೋಹನ್ ಮೂರನೆಯವನಾದ. ಮಾಕಿನೊನನ್ನು ‘ಒಯಾಕಾತ’ ಅನ್ನುತ್ತಿದ್ದ. ಮೇಸ್ತ್ರಿ, ಯಜಮಾನ ಎರಡೂ ಅದರಲ್ಲೇ ಬಂತು. ಅವರು ಇವನಿಗೆ ‘ಮೋಹನ್‌ಸಾನ್’ ಅನ್ನುತ್ತಿದ್ದರು. ಮೊದಲ ದಿನ ಗಣಿಯಲ್ಲಿ ಒಯಾಕಾತ “ಮೊದಲು ಮೆ ನೋಡು” ಅಂದ. ಜಪಾನಿಯಲ್ಲಿ ‘ಮೆ’ ಅಂದರೆ ಕಣ್ಣು. ಚಂದ್ರಮೋಹನ್ ಭಕ್ತಿಯಿಂದ ಒಯಾಕಾತನ ಕಣ್ಣನ್ನೇ ನೋಡುತ್ತ ನಿಂತ. “ನನ್ನ ಕಣ್ಣಲ್ಲೋ ಬಾಕಾ, ಕಲ್ಲಿನ ಕಣ್ಣು!” ಅಂತ ಬೈಸಿಕೊಂಡ ಮೇಲೆ ಗೊತ್ತಾಯಿತು, ಕಲ್ಲು ಯಾವ ಕಡೆಗೆ ಸೀಳುತ್ತದೋ ಆ ಎಳೆಗೂ ಅವರು ಕಣ್ಣೆಂದೇ ಅನ್ನುತ್ತಾರೆ ಅಂತ.

ಫುಮಿಯದು ಇನ್ನೊಂದು ಕತೆ. ಅವಳು ಅನ್ನ ಬಡಿಸುತ್ತಲೇ ಇರುವವಳು. ಇವನು ಬಟ್ಟಲ ಮೇಲೆ ಕೈ ಅಡ್ಡ ಹಿಡಿದು “ಸಾಕು ಸಾಕು” ಅನ್ನುತ್ತಿದ್ದ. ಅವಳು ಕಿಟಕಿಯಾಚೆ ನೋಡಿ “ಎಲ್ಲಿ? ಎಲ್ಲಿ?” ಅನ್ನುತ್ತಿದ್ದಳು. ಅವರ ಭಾಷೆಯಲ್ಲಿ ‘ಸಾಕು’ ಅಂದರೆ ಹೂವು ಅರಳುತ್ತದೆ ಅಂತ. ನಮ್ಮ ಕಡೆಯ ಅರ್ಥ ಗೊತ್ತಾದ ದಿನ ಹೊಟ್ಟೆ ಹಿಡಿದುಕೊಂಡು ನಕ್ಕಳು. ಅಲ್ಲಿಂದ ಅವಳ ಬಾಯಲ್ಲಿ ಕನ್ನಡದ ಒಂದೇ ಮಾತು ಉಳಿಯಿತು. ಗಂಡ ಜಾಸ್ತಿ ಕುಡಿದರೆ “ಸಾಕು!” ಮಳೆ ಬಿಡದಿದ್ದರೆ “ಸಾಕು!”

ಪ್ರತಿವರ್ಷ ಆಯುಧಪೂಜೆ ಬಂದರೆ ಚಂದ್ರಮೋಹನ್ ಶೆಡ್ಡಿನಲ್ಲಿ ಸುತ್ತಿಗೆ, ಉಳಿ, ಬೆಣೆ ಎಲ್ಲ ತೊಳೆದು ಸಾಲಾಗಿ ಜೋಡಿಸುವನು. ಕಂಪ್ರೆಸರಿಗೂ ಲಾರಿಗೂ ಅರಿಸಿನ ಕುಂಕುಮ ಹಚ್ಚುವನು. ಫುಮಿ ಸೇವಂತಿಗೆ ತಂದಿಡುವಳು. ಎಲ್ಲ ಮುಗಿದ ಮೇಲೆ ಬಂದು, ಕಣ್ಣು ಮುಚ್ಚಿ, ಹಣೆ ಮುಂದೆ ಮಾಡಿ ನಿಲ್ಲುವಳು. “ನನಗೂ. ಈ ಮನೆಯ ಹಳೇ ಉಪಕರಣ ನಾನೇ ತಾನೆ!” ಇವನು ನಗುತ್ತ ಒಂದು ಬೊಟ್ಟು ಇಡುವನು. ಅವಳು ಅದನ್ನು ಅಳಿಸದೆ ಕೊಂಬಿನಿ ಅಂಗಡಿಗೆ ಹೋಗಿ ಹಾಲು ತರುವಳು, ಅಲ್ಲಿಯ ಹುಡುಗಿಯರು ಬೆರಗಾಗಿ ನೋಡಲಿ ಅಂತಲೇ.

ಅಂಥವಳು ಕಾಯಿಲೆ ಬಿದ್ದಳು. ಹೊಟ್ಟೆಯದು, ತಡವಾಗಿ ಗೊತ್ತಾಯಿತು. ಆಸ್ಪತ್ರೆಯಲ್ಲಿ ಚಂದ್ರಮೋಹನ್ ಗಂಜಿ ಕುಡಿಸಲು ಹೋದರೆ ಬಟ್ಟಲ ಮೇಲೆ ಕೈ ಅಡ್ಡ ಇಟ್ಟಳು. “ಸಾಕು” ಅಂದಳು. ಅವಳು ಆಡಿದ ಮಾತುಗಳಲ್ಲಿ ಇವನಿಗೆ ಕೇಳಿಸಿದ್ದು ಅದೇ ಕೊನೆ.

ಮಾಕಿನೊ ಅಳಲಿಲ್ಲ. ಇವನನ್ನು ಕರೆದುಕೊಂಡು ಮನೆ ಹಿಂದಿನ ಮರಗಳ ಕೆಳಗೆ ಹೋಗಿ, ಕೊಳೆತ ಎಲೆಯ ರಾಶಿಯನ್ನು ಕೋಲಿನಿಂದ ಸರಿಸಿದ. ಅಡಿಯಲ್ಲಿ ಒಂದು ದಿಮ್ಮಿ ಕಲ್ಲು. ತಿಳಿಬೂದಿ ಬಣ್ಣ, ಸಣ್ಣ ಕಾಳು, ಒಂದು ಮಚ್ಚೆಯಿಲ್ಲ. ಗಣಿಗೆ ಬೀಗ ಬೀಳುವ ಹಿಂದಿನ ದಿನ ತಂದು ಬಚ್ಚಿಟ್ಟದ್ದು.

“ಇದು ಅವಳಿಗೆ. ನನಗೂ ಇದರಲ್ಲೇ. ನಿಮ್ಮೂರ ಕರಿಕಲ್ಲಿನ ಕೆಳಗೆ ಮಾತ್ರ ನನ್ನ ಮಲಗಿಸಬೇಡ, ಮಾರಾಯ. ಕನಸಲ್ಲಿ ಬಂದು ಒದೀತೀನಿ.”

“ನೀನು ಒದೆಯೋಕೆ ಮೊದಲು ಉಸಿರು ಬರಬೇಕಲ್ಲ, ಒಯಾಕಾತ.”

ಅಷ್ಟು ಹೊತ್ತಿಗೆ ಮಾಕಿನೊನ ಎದೆಯಲ್ಲಿ ಅರವತ್ತು ವರ್ಷದ ಕಲ್ಲಿನ ದೂಳು ಗಟ್ಟಿಯಾಗಿತ್ತು. ಮೂಗಿಗೆ ಆಕ್ಸಿಜನ್ ನಳಿಗೆ, ಪಕ್ಕದಲ್ಲಿ ಗಾಲಿಯ ಮೇಲೆ ಸಿಲಿಂಡರು. ಆ ಕೆಮ್ಮು ಚಂದ್ರಮೋಹನನಿಗೆ ಹೊಸದಲ್ಲ. ಚಿಕ್ಕಂದಿನಲ್ಲಿ ಪಕ್ಕದ ಚಾಪೆಯಿಂದ ಕೇಳಿದ್ದೇ ಅದು. ಅಪ್ಪ ಸತ್ತಾಗ ಹೂತ ಜಾಗದಲ್ಲಿ ಒಂದು ಗುಂಡುಕಲ್ಲು ಉರುಳಿಸಿ ಇಟ್ಟಿದ್ದರು, ಹೆಸರು ಕೂಡ ಇಲ್ಲದ್ದು. ಜನ್ಮವೆಲ್ಲ ಕಂಡವರ ಸಮಾಧಿಗೆ ಕಲ್ಲು ಒಡೆದವನಿಗೆ ಸಿಕ್ಕಿದ್ದು ಅಷ್ಟು. ಈ ಕಲ್ಲನ್ನಾದರೂ ಸರಿಯಾಗಿ ಮಾಡಬೇಕು ಅಂತ ಅವನು ಮನಸ್ಸಿನಲ್ಲೇ ಆಣೆ ಇಟ್ಟುಕೊಂಡ.

ಕಲ್ಲು ಸೀಳಿದವನು ಚಂದ್ರಮೋಹನ್. ಮಾಕಿನೊ ಪಕ್ಕದಲ್ಲಿ ಕುರ್ಚಿ ಹಾಕಿಕೊಂಡು, ಕಣ್ಣು ಮುಚ್ಚಿ, ಬೆಣೆಯ ಸದ್ದು ಕೇಳುತ್ತ “ಎಡಗಡೆದಕ್ಕೆ ಇನ್ನೊಂದು... ನಿಲ್ಲಿಸು... ಈಗ ಕಾಯಿ” ಅನ್ನುತ್ತಿದ್ದ. ಕಾಯುತ್ತಿದ್ದಾಗ ಕಲ್ಲು ತಾನೇ ನಿಟ್ಟುಸಿರು ಬಿಟ್ಟ ಹಾಗೆ ಸೀಳಿಕೊಂಡಿತು. ಆದರೆ ಹೆಸರು ಕೆತ್ತಲು ಮಾಕಿನೊ ಬೇರೆ ಯಾರಿಗೂ ಬಿಡಲಿಲ್ಲ. ಫುಮಿ ಎಂಬುದು ಅವರ ಲಿಪಿಯಲ್ಲಿ ಒಂದೇ ಅಕ್ಷರ. ಮೆಷೀನಿನಲ್ಲಾದರೆ ಒಂದು ಬೀಡಿ ಸೇದುವಷ್ಟರಲ್ಲಿ ಮುಗಿಯುತ್ತದೆ. ಅವನು ಉಳಿ ಹಿಡಿದು ನಾಲ್ಕೇಟು ಹಾಕುವನು, ಕೆಮ್ಮುವನು, ನಳಿಗೆ ಸರಿಮಾಡಿಕೊಳ್ಳುವನು, ಮತ್ತೆ ನಾಲ್ಕೇಟು. ಬೇಸಿಗೆ ಪೂರ್ತಿ ಹಿಡಿಯಿತು. ಕೈಯಲ್ಲಿ ಕಸುವಿಲ್ಲದೆ ಅಕ್ಷರ ಆಳಕ್ಕೆ ಇಳಿಯಲಿಲ್ಲ. ಕೊನೆಯ ಗೆರೆ ಎಳೆಯುವಾಗ ಕೆಮ್ಮು ಬಂದು ಉಳಿ ಚೂರು ಜಾರಿ, ಗೆರೆಯ ತುದಿ ಬಾಲದ ಹಾಗೆ ಕೊಂಕಿತು. ಅದರ ಪಕ್ಕದಲ್ಲೇ ತನ್ನ ಹೆಸರು ತೊಕುಜಿ ಅಂತಲೂ ಕೆತ್ತಿದ; ಮಾಕಿನೊ ಅನ್ನುವುದು ಮನೆತನದ ಹೆಸರು.

ಅಲ್ಲಿಯ ಪದ್ಧತಿ ಒಂದಿದೆ. ಗಂಡ ಹೆಂಡತಿಯಲ್ಲಿ ಒಬ್ಬರು ಮೊದಲು ಹೋದರೆ ಕಲ್ಲಿನ ಮೇಲೆ ಇಬ್ಬರ ಹೆಸರನ್ನೂ ಕೆತ್ತುತ್ತಾರೆ. ಇನ್ನೂ ಬದುಕಿರುವವರ ಹೆಸರಿಗೆ ಕೆಂಪು ತುಂಬುತ್ತಾರೆ. ಅವರೂ ಹೋದ ಮೇಲೆ ಕೆಂಪನ್ನು ತೆಗೆದುಬಿಡುತ್ತಾರೆ. ಸ್ಮಶಾನದಲ್ಲಿ ಕೆಂಪು ಅಕ್ಷರ ಕಂಡರೆ, ಈ ಜೀವ ಇನ್ನೂ ಉಸಿರಾಡುತ್ತಿದೆ ಅಂತ ಲೆಕ್ಕ. ಚಂದ್ರಮೋಹನ್ ತೊಕುಜಿಯ ಹೆಸರಿಗೆ ಕೆಂಪು ತುಂಬಿದ. ಫುಮಿಯ ಅಕ್ಷರ ಬರಿಯ ಕಲ್ಲಿನ ಬಣ್ಣದಲ್ಲೇ ಉಳಿಯಿತು. ಕಲ್ಲನ್ನು ಶೆಡ್ಡಿನ ಮುಂದೆ ಮರದ ತುಂಡುಗಳ ಮೇಲೆ ನಿಲ್ಲಿಸಿ ತಾಡಪಾಲು ಹೊದಿಸಿದರು. ಬರುವ ಭಾನುವಾರ ವರ್ಷದ ಪೂಜೆ.

ಅದಕ್ಕೆ ಎರಡು ದಿನ ಮೊದಲು ಆಯುಧಪೂಜೆ ಬಿತ್ತು. ನಗೋಯಾದಲ್ಲಿ ಕಾರಿನ ಕಂಪನಿಗೆ ಸಾಫ್ಟ್‌ವೇರ್ ಬರೆಯುವ ಗುರುರಾಜನ ಮನೆಯಿಂದ ಪ್ರತಿವರ್ಷ ಇವನಿಗೆ ಕುಂಕುಮ ಬರುತ್ತಿತ್ತು. ಗುರುರಾಜನ ಹೆಂಡತಿ ಶರ್ವಾಣಿಯ ತಾಯಿ ಮೈಸೂರಿನಲ್ಲಿ ಅರಿಸಿನದಿಂದ ಮನೆಯಲ್ಲೇ ಮಾಡಿದ್ದು. ಚಂದ್ರಮೋಹನ್ ಉಪಕರಣ ತೊಳೆದ, ಜೋಡಿಸಿದ, ಕುಂಕುಮವನ್ನು ನೀರಿನಲ್ಲಿ ಕಲೆಸಿ ಎಲ್ಲಕ್ಕೂ ಇಟ್ಟ. ಸೇವಂತಿಗೆ ಇರಲಿಲ್ಲ. ಎಲ್ಲ ಮುಗಿದರೂ ಬೆರಳ ತುದಿಯಲ್ಲಿ ಒಂದು ಬೊಟ್ಟಿನಷ್ಟು ಕುಂಕುಮ ಉಳಿದಿತ್ತು. ಕೈ ತಾನಾಗಿ ಮುಂದೆ ಹೋಯಿತು, ಅಲ್ಲಿ ಹಣೆ ಇರಲಿಲ್ಲ. ಆಮೇಲೆ ಹೊರಗೆ ಹೋಗಿ, ತಾಡಪಾಲು ಎತ್ತಿ, ಫುಮಿಯ ಅಕ್ಷರದ ನೆತ್ತಿಯ ಮೇಲೆ ಆ ಬೊಟ್ಟು ಇಟ್ಟ. ಅದೂ ಸಣ್ಣದಾಗಿ ಅಲ್ಲ, ಅವಳಿಗೆ ದೊಡ್ಡದೇ ಇಷ್ಟ ಅಂತ ಬಟ್ಟಲಿಗೆ ಮತ್ತೆ ಬೆರಳದ್ದಿ ಧಾರಾಳವಾಗಿಯೇ ಇಟ್ಟ. ತಾಡಪಾಲು ಇಳಿಬಿಟ್ಟ, ಹಗ್ಗ ಬಿಗಿಯಲು ಮರೆತ.

ಆ ಇರುಳು ಗಾಳಿಮಳೆ ಬಂತು. ಬೆಳಿಗ್ಗೆ ಎದ್ದು ನೋಡಿದರೆ ತಾಡಪಾಲು ಬೇಲಿಗೆ ಸಿಕ್ಕಿಕೊಂಡಿದೆ. ನೆತ್ತಿಯ ಬೊಟ್ಟು ಕರಗಿ, ಇಳಿದು, ಫುಮಿಯ ಅಕ್ಷರದ ಗೆರೆಗಳಲ್ಲಿ ನಿಂತು, ಹೊಸದಾಗಿ ಉಳಿಯೇಟು ತಿಂದ ಕಲ್ಲಿನೊಳಕ್ಕೆ ಹೀರಿಕೊಂಡಿದೆ. ಸತ್ತವಳ ಹೆಸರು ತೊಕುಜಿಯ ಹೆಸರಿನ ಪಕ್ಕದಲ್ಲಿ ಅಷ್ಟೇ ಕೆಂಪಾಗಿದೆ.

ಚಂದ್ರಮೋಹನ್ ಓಡಿದ. ಬಕೀಟು ತಂದ, ಬ್ರಶ್ಶು ತಂದ, ಪಾತ್ರೆ ತೊಳೆಯುವ ಸೋಪು ಸುರಿದು ಉಜ್ಜಿದ. ಉಜ್ಜಿದಷ್ಟೂ ಬಣ್ಣ ಗಾಢವಾಯಿತು. ಅರಿಸಿನಕ್ಕೆ ಸೋಪು ತಗುಲಿದರೆ ಏನಾಗುತ್ತದೆ ಅಂತ ನಮ್ಮ ಕಡೆಯ ಯಾವ ಹೆಂಗಸನ್ನು ಕೇಳಿದರೂ ಹೇಳುತ್ತಾಳೆ. ಕೇಳಲು ಅವನ ಮನೆಯಲ್ಲಿ ಹೆಂಗಸಿರಲಿಲ್ಲ. ಶರ್ವಾಣಿಗೆ ಫೋನ್ ಮಾಡಿದ.

“ಕುಂಕುಮ ಕಲ್ಗೆ ಹತ್ಬುಟ್ಟದೆ ಕಣಮ್ಮ. ಸೋಪಾಕಿ ಉಜ್ಬುಟ್ಟೆ. ಇನ್ನೂ ಕೆಂಪಾಯ್ತು.”

“ಅಯ್ಯೋ ಚಂದ್ರಣ್ಣ! ಸೋಪ್ ಹಾಕಿದ್ರಾ? ಯಾರಾದ್ರೂ ಸೋಪ್ ಹಾಕ್ತಾರಾ? ಸೋಪ್ ಹಾಕಿದ್ರೆ ಅದು ಇನ್ನೂ ರೆಡ್ ಆಗತ್ತೆ. ನಿಂಬೆಹಣ್ಣು ಟ್ರೈ ಮಾಡಿ.”

“ಹುಳಿ ಬಿದ್ರೆ ಈ ಕಲ್ಲು ತುಕ್ಕು ಕಾರ್ತದೆ ಕಣಮ್ಮ. ಒಳ್ಗೆ ಕಬ್ಬಿಣದ ಅಂಶ ಅದೆ.”

“ಹಾಗಾದ್ರೆ ಏನೂ ಮಾಡಕ್ಕಾಗಲ್ಲ ಚಂದ್ರಣ್ಣ. ಅರಿಸಿನ ಹೆದರೋದು ಬಿಸಿಲಿಗೆ ಒಂದೇ. ಬಿಸಿಲಲ್ಲಿ ಬಿಡಿ, ತಾನಾಗೇ ಹೋಗತ್ತೆ. ಆದ್ರೆ ಕಲ್ಲು ಅಂತೀರಾ, ಒಳಗೆ ಇಳಿದಿದ್ರೆ ಒಂದ್ ವರ್ಷ ಎರಡ್ ವರ್ಷ ಆಗ್ಬೋದು. ಯಾರ ಕಲ್ಲು ಅದು?”

ಅವನು ಫೋನ್ ಇಟ್ಟ.

ಉಳಿದದ್ದು ಒಂದೇ ದಾರಿ. ಗ್ರೈಂಡರ್ ಹಾಕಿ ಒಂದು ಪದರ ತೆಗೆದುಬಿಡುವುದು. ಆದರೆ ಅಕ್ಷರ ಮೊದಲೇ ಆಳವಿಲ್ಲದ್ದು. ಕೆಂಪಿನ ಜೊತೆ ಮಾಕಿನೊನ ಉಳಿಯ ಗುರುತೂ ಹೋಗುತ್ತದೆ. ಮತ್ತೆ ಕೆತ್ತಬೇಕು, ಕೆತ್ತಲು ಆ ಮುದುಕನಿಗೆ ಇನ್ನೊಂದು ಬೇಸಿಗೆ ಉಳಿದಿರಲಿಲ್ಲ. ಮಧ್ಯಾಹ್ನದ ಹೊತ್ತಿಗೆ ಚಂದ್ರಮೋಹನ್ ಗ್ರೈಂಡರಿಗೆ ವೈರು ಸಿಕ್ಕಿಸಿ, ಕಲ್ಲಿನ ಮುಂದೆ ಮಂಡಿಯೂರಿದ್ದ. ಹಿಂದಿನಿಂದ ಗಾಲಿಯ ಕಿರ್ರ್ ಸದ್ದು ಕೇಳಿತು.

ಮಾಕಿನೊ ನೋಡಿದ. ಮುಖಕ್ಕೆ ರಕ್ತ ಏರಿತು.

“ಬಾಕಾ!” ಕೋಲೆತ್ತಿ ಇವನ ಬೆನ್ನಿಗೆ ಒಂದು ಬಿಟ್ಟ. ಎರಡನೆಯದಕ್ಕೆ ಉಸಿರು ಸಾಲಲಿಲ್ಲ. ಸಿಲಿಂಡರಿಗೆ ಒರಗಿ ಬಹಳ ಹೊತ್ತು ಏದುಸಿರು ಬಿಟ್ಟ. “ಇಡೀ ಗುಡ್ಡದಲ್ಲಿ ಉಳಿದಿದ್ದು ಇದೊಂದೇ ಅಂತ ಗೊತ್ತಿರಲಿಲ್ವಾ ನಿನಗೆ? ಯಾರು ಬಳಿದ್ರು ಇದನ್ನ?”

“ನಾನೇ.”

“ಯಾಕೆ?”

ಚಂದ್ರಮೋಹನನಿಗೆ ಜಪಾನಿ ಮರೆತುಹೋಯಿತು. ತನ್ನ ಹಣೆಯನ್ನು ಬೆರಳಿನಿಂದ ಮುಟ್ಟಿ ತೋರಿಸಿದ, ಅಷ್ಟೇ. ಮಾಕಿನೊನ ಕೋಲು ನೆಲಕ್ಕಿಳಿಯಿತು. ಶೆಡ್ಡಿನೊಳಗೆ ಸಾಲಾಗಿ ಜೋಡಿಸಿದ್ದ ಉಪಕರಣಗಳನ್ನು ನೋಡಿದ. ಒಂದೊಂದಕ್ಕೂ ಕೆಂಪು ಬೊಟ್ಟು. ಆಮೇಲೆ ಕಲ್ಲನ್ನು ನೋಡಿದ.

“ಅವಳ ಹಣೆಗೆ ಇಡ್ತಿದ್ದೆಯಲ್ಲ, ಅದೇನಾ ಇದು?”

“ಅದೇ.”

ಮುದುಕ ಹತ್ತಿರ ಬಂದು, ಕೊಂಕಿದ ಆ ಬಾಲದ ಗೆರೆಯ ಮೇಲೆ ಹೆಬ್ಬೆರಳು ಆಡಿಸಿದ. ಬೆರಳಿಗೆ ಬಣ್ಣ ಹತ್ತಲಿಲ್ಲ; ಅಷ್ಟು ಒಳಗಿಳಿದಿತ್ತು. “ಆ ಗ್ರೈಂಡರ್ ಕೆಳಗಿಡು” ಅಂದ. “ನಾನಿರೋವರೆಗೂ ಇದು ಹೀಗೇ ಇರಲಿ. ನಾನು ಹೋದ ದಿನ ಇಬ್ಬರದ್ದೂ ಒಟ್ಟಿಗೆ ತೆಗೆ. ಒಬ್ಬರದ್ದು ಉಳಿಸಬೇಡ. ಮಾತು ಕೊಡು.”

ಚಂದ್ರಮೋಹನ್ ಮಾತು ಕೊಟ್ಟ. ಹೇಗೆ ತೆಗೆಯುವುದು ಅಂತ ಅವನೂ ಕೇಳಲಿಲ್ಲ, ಇವನೂ ಹೇಳಲಿಲ್ಲ.

ಭಾನುವಾರ ಕಲ್ಲನ್ನು ಸ್ಮಶಾನದಲ್ಲಿ ನಿಲ್ಲಿಸಿದರು. ಪೂಜೆಗೆ ಬಂದ ದೇವಸ್ಥಾನದ ಅರ್ಚಕ ಕಲ್ಲು ನೋಡಿ ಮಂತ್ರದ ಪುಸ್ತಕ ಮುಚ್ಚಿದ. “ಮಾಕಿನೊಸಾನ್, ತಪ್ಪು ತಿಳಿಯಬೇಡಿ. ಫುಮಿಸಾನ್ ಹೆಸರು ಕೆಂಪಾಗಿದೆಯಲ್ಲ. ನೋಡಿದವರು ಅವರಿನ್ನೂ ಬದುಕಿದ್ದಾರೆ ಅಂದುಕೊಳ್ಳೋದಿಲ್ವೇ?”

“ಅಂದ್ಕೊಳ್ಳಲಿ. ನಾನೂ ಅಂದ್ಕೋತೀನಿ. ನೀವು ನಿಮ್ಮ ಮಂತ್ರ ಶುರುಮಾಡಿ, ನನಗೆ ಉಸಿರು ಕಮ್ಮಿ ಇದೆ.”

ಅದಾದ ಮೇಲೆ ಮಾಕಿನೊನಿಗೆ ಒಂದು ಹೊಸ ಚಾಳಿ ಹತ್ತಿತು. ಮಳೆ ಇಲ್ಲದ ದಿನ ಚಂದ್ರಮೋಹನ್ ಅವ‌ನನ್ನು ಲಾರಿಯಲ್ಲಿ ಕೂರಿಸಿಕೊಂಡು ಸ್ಮಶಾನಕ್ಕೆ ಹೋಗಬೇಕು. ಅಲ್ಲಿ ಕುರ್ಚಿ ಹಾಕಬೇಕು. ಎರಡು ಲೋಟ ಚಹಾ ಬಗ್ಗಿಸಬೇಕು, ಒಂದು ಮುದುಕನಿಗೆ, ಒಂದು ಕಲ್ಲಿಗೆ. ಸತ್ತವಳಿಗೆ ಇಡುವ ನೈವೇದ್ಯದ ಹಾಗೆ ಅಲ್ಲ. “ಚಹಾ ಆರಿಹೋಗ್ತಿದೆ, ಕುಡಿಯೇ” ಅಂತ ಗದರುವನು. ಹೆಂಡತಿ ಬದುಕಿದ್ದಾಗ ಹೇಳದೆ ಇಟ್ಟುಕೊಂಡದ್ದನ್ನೆಲ್ಲ ಹೇಳುವನು. ಮೂವತ್ತು ವರ್ಷದ ಹಿಂದೆ ಮಾಡಿದ ಸಾರಿನಲ್ಲಿ ಉಪ್ಪು ಜಾಸ್ತಿಯಾಗಿದ್ದನ್ನೂ ಬಿಡಲಿಲ್ಲ. ಚಂದ್ರಮೋಹನ್ ದೂರದಲ್ಲಿ ನಿಂತು ಸಮಾಧಿಗಳ ನಡುವಿನ ಕಸ ಗುಡಿಸುವನು. ಬೆನ್ನಿಗೆ ಬಿದ್ದ ಏಟು ಮಾಯವಾಗಿ ಎಷ್ಟೋ ದಿನವಾಗಿತ್ತು. ಆದರೂ ಆ ಎರಡು ಕೆಂಪು ಅಕ್ಷರ ಕಂಡಾಗಲೆಲ್ಲ ಅದೇ ಜಾಗ ಉರಿಯುತ್ತಿತ್ತು.

ಹಿಮ ಬೀಳುವ ಕಾಲಕ್ಕೆ ಮಾಕಿನೊನ ಎದೆ ಪೂರ್ತಿ ಕಲ್ಲಾಯಿತು. ಆಸ್ಪತ್ರೆಗೆ ಬರಲು ಒಪ್ಪಲಿಲ್ಲ. ಒಂದು ಬೆಳಿಗ್ಗೆ ಚಂದ್ರಮೋಹನ್ ಗಂಜಿ ತಂದಾಗ ಮುದುಕ ಕಣ್ಣು ತೆರೆದು ನೋಡಿದ, ಬಟ್ಟಲ ಮೇಲೆ ಕೈ ಇಡಲು ಎತ್ತಿದ, ಕೈ ಅಲ್ಲಿಯವರೆಗೆ ಬರಲಿಲ್ಲ. ಆ ದಿನ ಬೆಳಕಿರುವಾಗಲೇ ಹೋದ.

ಸುಟ್ಟು ಬೂದಿ ತಂದು ಕಲ್ಲಿನ ಕೆಳಗೆ ಫುಮಿಯ ಪಕ್ಕದಲ್ಲಿಟ್ಟ ಮೇಲೆ ಜನ ಹೋದರು. ಚಂದ್ರಮೋಹನ್ ಒಬ್ಬನೇ ಉಳಿದ. ತೊಕುಜಿಯ ಹೆಸರಿನ ಕೆಂಪು ಬರಿಯ ಬಣ್ಣ, ತಂತಿಯ ಬ್ರಶ್ಶಿಗೆ ಪುಡಿಯಾಗಿ ಉದುರಿತು. ಒಯಾಕಾತ ಸತ್ತದ್ದು ಅವನಿಗೆ ನಿಜವಾಗಿ ಗೊತ್ತಾಗಿದ್ದು ಆಗಲೇ, ಆ ಪುಡಿಯನ್ನು ಊದಿದಾಗ. ಆಮೇಲೆ ಫುಮಿಯ ಅಕ್ಷರದ ಮುಂದೆ ಕೂತ. ಬ್ಯಾಟರಿಯ ಗ್ರೈಂಡರ್ ತಂದಿದ್ದ. ಒಬ್ಬರದ್ದು ಉಳಿಸಬೇಡ ಅಂತ ಮಾತು ತೆಗೆದುಕೊಂಡಿದ್ದ ಮುದುಕ. ಕೊಟ್ಟ ಮಾತು ನಡೆಸಿದರೆ ಆ ನಾಲ್ಕೇಟು ನಾಲ್ಕೇಟಿನ ಬೇಸಿಗೆ ಹೋಗುತ್ತದೆ, ಆ ಕೆಮ್ಮು ಹೋಗುತ್ತದೆ, ಕೊಂಕಿದ ಬಾಲ ಹೋಗುತ್ತದೆ. ನಡೆಸದಿದ್ದರೆ ಗಂಡ ಹೋದ ಮೇಲೂ ಫುಮಿ ಒಬ್ಬಳೇ ಕೆಂಪಾಗಿ, ಬದುಕಿದವರ ಸಾಲಿನಲ್ಲಿ, ಹೋಗಲಾಗದೆ ಕೂತಿರುತ್ತಾಳೆ.

ಗ್ರೈಂಡರಿನ ಸ್ವಿಚ್ಚು ಒತ್ತಿದ. ಅದು ಕಿರುಚಿತು. ಕಲ್ಲಿಗೆ ಹತ್ತಿರ ತಂದ. ಒಂದು ಕೂದಲೆಳೆಯಷ್ಟು ದೂರದಲ್ಲಿ ಕೈ ನಿಂತಿತು. ತನಗೂ ಒಯಾಕಾತನಿಗೂ ಆ ಊರಿಗೂ ಬಾಯಿಗೆ ಬಂದ ಹಾಗೆ ಚಾಮರಾಜನಗರದ ಭಾಷೆಯಲ್ಲಿ ಬೈದುಕೊಂಡ. ಸ್ವಿಚ್ಚು ಆರಿಸಿದ.

ತಲೆಯೆತ್ತಿ ನೋಡಿದಾಗ ಕಂಡಿತು, ಸಮಾಧಿಯ ಮೇಲೆ ಚಪ್ಪರದ ಹಾಗೆ ಬಾಗಿದ ದೇವದಾರು. ಅದರ ದಪ್ಪ ಕೊಂಬೆ ದಕ್ಷಿಣದ ಕಡೆಯನ್ನೆಲ್ಲ ಮುಚ್ಚಿತ್ತು. ಆ ಕಲ್ಲಿಗೆ ವರ್ಷವಿಡೀ ಬಿಸಿಲೇ ಬೀಳುವುದಿಲ್ಲ. ಶರ್ವಾಣಿ ಹೇಳಿದ ಒಂದೇ ಮದ್ದು, ಅದನ್ನೇ ಮರ ತಡೆದು ನಿಂತಿದೆ.

ಅರ್ಚಕನ ಮನೆಗೆ ಹೋಗಿ ಆ ಕೊಂಬೆ ಕಡಿಯಬಹುದೇ ಅಂತ ಕೇಳಿದ. ಹಳೆಯ ಮರ, ಸಮಿತಿ ಸೇರಬೇಕು, ವಸಂತಕ್ಕೆ ನೋಡೋಣ, ಅಂದ ಅರ್ಚಕ. ಚಂದ್ರಮೋಹನ್ ‘ಅರಿಗಾತೋ’ ಅಂತ ಬಗ್ಗಿ ನಮಸ್ಕರಿಸಿ ಬಂದ. ಬಂದವನು ಲಾರಿಯಿಂದ ಹಗ್ಗ, ಗರಗಸ ಇಳಿಸಿದ. ಐವತ್ತು ದಾಟಿದ ಮೈ, ಹಿಮಕ್ಕೆ ಜಾರುವ ತೊಗಟೆ, ಹತ್ತುವಾಗ ತನಗೂ ಸಣ್ಣಗೆ ಕೆಮ್ಮು ಬಂತು. ಬಂಡೆ ಕಟ್ಟುವ ಗಂಟಿನಿಂದ ಕೊಂಬೆಯನ್ನು ಮೇಲಿನ ಕವಲಿಗೆ ಬಿಗಿದ, ಕೆಳಗಿನ ಒಂದು ಕಲ್ಲಿಗೂ ತಗುಲಬಾರದಲ್ಲ. ಕೊಯ್ದ. ಕೊಂಬೆ ಹಗ್ಗದಲ್ಲಿ ತೂಗಾಡಿ, ಮೆಲ್ಲಗೆ ಇಳಿದು, ಸಮಾಧಿಗಳ ನಡುವಿನ ದಾರಿಯಲ್ಲಿ ಮಲಗಿತು.

ಸದ್ದು ಕೇಳಿ ಓಡಿ ಬಂದ ಅರ್ಚಕ ಬಾಯಿ ತೆರೆದು ನಿಂತ. ಮರದ ಮೇಲಿದ್ದವನು ಕೆಳಗೆ ನೋಡಲಿಲ್ಲ. ಚಳಿಗಾಲದ ತೆಳು ಬಿಸಿಲು ಆ ಕಿಂಡಿಯಿಂದ ಇಳಿದು ಮೊದಲು ತೊಕುಜಿಯ ಬರಿಗೆರೆಗಳ ಮೇಲೆ ಬಿತ್ತು. ಚಂದ್ರಮೋಹನ್ ಕೊಂಬೆಯ ಬುಡ ತಬ್ಬಿಕೊಂಡು ಕೂತ, ಅದು ಪಕ್ಕಕ್ಕೆ ಸರಿದು ಫುಮಿಯ ಕೆಂಪನ್ನು ಮುಟ್ಟುವವರೆಗೆ.